ಗೌಸ್ ಆರಿಸಿದ ಮೂರನೆಯ ವಿಷಯ

ತ್ರಿಭುಜದ ಒಳಕೋನಗಳ ಮೊತ್ತ 180 ಡಿಗ್ರಿ ಎಂಬ ಪ್ರಮೇಯವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಕಪ್ಪುಹಲಗೆಯ ಮೇಲೆ ಸಾಧಿಸಿ ತೋರಿಸಿದವನು ನಾನು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ಚೆಂಡಿನ ಮೇಲೆ ಬರೆದರೂ ಅಷ್ಟೇ ಬರುತ್ತದೆಯೇ?" ಎಂದಳು. "ಪರೀಕ್ಷೆಯಲ್ಲಿ ಚೆಂಡು ಕೊಡುವುದಿಲ್ಲ, ಕೂತುಕೊಳ್ಳಮ್ಮಾ" ಎಂದುಬಿಟ್ಟೆ. ತರಗತಿ ನಕ್ಕಿತು. ಅವಳು ಮತ್ತೆ ಪ್ರಶ್ನೆ ಕೇಳಿದ ನೆನಪು ನನಗಿಲ್ಲ.

ನಿವೃತ್ತಿಯ ನಂತರ ಬರ್ನ್‌ಹಾರ್ಡ್ ರೀಮಾನರ ಜೀವನವನ್ನು ಓದುವಾಗ ಆ ಹುಡುಗಿ ನೆನಪಾದಳು. ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬೋಧಿಸುವ ಅರ್ಹತೆ ಪಡೆಯಲು ರೀಮಾನರು ಒಂದು ಉಪನ್ಯಾಸ ಕೊಡಬೇಕಿತ್ತು. ಮೂರು ವಿಷಯಗಳನ್ನು ಸೂಚಿಸಿದ್ದರು. ಮೊದಲನೆಯದನ್ನೇ ಒಪ್ಪುವುದು ವಾಡಿಕೆ. ಗುರು ಗೌಸ್ ಮಾತ್ರ, ಶಿಷ್ಯ ಸಿದ್ಧನಾಗಿರದ ಮೂರನೆಯದನ್ನೇ ಆರಿಸಿದರು: ಜ್ಯಾಮಿತಿಯ ತಳದಲ್ಲಿರುವ ಊಹೆಗಳು. ಆ ಚಿಂತೆಯನ್ನು ಗೌಸ್ ದಶಕಗಳಿಂದ ತಮ್ಮೊಳಗೇ ಇಟ್ಟುಕೊಂಡಿದ್ದರು.

1854ರ ಜೂನ್ 10ರಂದು 27ರ ಹರೆಯದ ರೀಮಾನರು ಮಾತನಾಡಿದರು. ಭೂಗೋಳದ ಉತ್ತರ ಧ್ರುವದಿಂದ 90 ಡಿಗ್ರಿ ಅಂತರದ ಎರಡು ರೇಖಾಂಶಗಳನ್ನು ಸಮಭಾಜಕದವರೆಗೆ ಇಳಿಸಿದರೆ ಮೂರೂ ಕೋನಗಳು ಲಂಬವಾದ ತ್ರಿಭುಜ ಸಿಗುತ್ತದೆ. ಗೋಳದ ಮೇಲಿನ ಇರುವೆ, ಹೊರಗೆ ಹಾರದೆಯೇ, ಕೋನಗಳನ್ನು ಅಳೆದು ತನ್ನ ನೆಲ ಬಾಗಿದೆಯೆಂದು ತಿಳಿಯಬಲ್ಲದು. ಮೇಲ್ಮೈಗಳಿಗೆ ಗೌಸ್ 1827ರಲ್ಲಿ ತೋರಿಸಿದ್ದ ಈ ತತ್ತ್ವವನ್ನು ರೀಮಾನರು ಮೂರು, ನಾಲ್ಕು, ಎಷ್ಟು ಆಯಾಮಗಳಿಗಾದರೂ ವಿಸ್ತರಿಸಿದರು. ನಾಲ್ಕನೆಯ ಆಯಾಮವನ್ನು ಕಣ್ಣಿಗೆ ತಂದುಕೊಳ್ಳಲಾರದ ನಮ್ಮಂಥವರಿಗೆ ಇದೊಂದು ದೊಡ್ಡ ಸಮಾಧಾನ. ನಾವೂ ಇರುವೆಗಳೇ, ಅಳೆದರಾಯಿತು. ಎಲ್ಲೆಯಿಲ್ಲದ್ದು ಅನಂತವೇ ಆಗಬೇಕಿಲ್ಲ ಎಂದೂ ಅವರು ಹೇಳಿದರು. ಸಭೆಯಿಂದ ಮರಳುವಾಗ, ಯಾರನ್ನೂ ಸುಲಭವಾಗಿ ಹೊಗಳದ ಗೌಸ್, ಭೌತವಿಜ್ಞಾನಿ ವೆಬರ್ ಅವರೊಡನೆ ಉದ್ವೇಗದಿಂದ ಈ ಉಪನ್ಯಾಸವನ್ನು ಮೆಚ್ಚಿಕೊಂಡರಂತೆ. ಮರುವರ್ಷ ಫೆಬ್ರವರಿಯಲ್ಲಿ ಗೌಸ್ ತೀರಿಕೊಂಡರು. ರೀಮಾನರೂ 1866ರಲ್ಲಿ, 39ರಲ್ಲೇ, ಕ್ಷಯದಿಂದ ಹೋದರು. ಉಪನ್ಯಾಸ ಅಚ್ಚಾದದ್ದು 1868ರಲ್ಲಿ!

1917ರಲ್ಲಿ ಐನ್‌ಸ್ಟೈನ್ ಇದೇ ಗಣಿತದಿಂದ ಸೀಮಿತವಾದರೂ ಎಲ್ಲೆಯಿಲ್ಲದ ವಿಶ್ವವನ್ನು ಕಲ್ಪಿಸಿದರು. 2009ರಲ್ಲಿ ಹಾರಿದ ಪ್ಲಾಂಕ್ ಉಪಗ್ರಹ, ವಿಶ್ವಕ್ಕೆ ಸುಮಾರು 3,80,000 ವರ್ಷವಾಗಿದ್ದಾಗ ಹೊರಟ ಬೆಳಕಿನಲ್ಲಿರುವ ಮಚ್ಚೆಗಳನ್ನು ಅಳೆಯಿತು. ಮಚ್ಚೆಯ ನಿಜವಾದ ಗಾತ್ರ ಲೆಕ್ಕದಿಂದ ಗೊತ್ತು. ಅದು ಕಾಣುವ ಕೋನ ಅಳತೆಯಿಂದ ಗೊತ್ತು. ನಮ್ಮ ಕಣ್ಣು ಶೃಂಗವಾದ ಮಹಾ ತ್ರಿಭುಜವದು. ಇತರ ವೀಕ್ಷಣೆಗಳನ್ನೂ ಕೂಡಿಸಿ ನೋಡಿದರೆ, ಅಳತೆಯ ನಿಖರತೆಯೊಳಗೆ ವಕ್ರತೆ ಸೊನ್ನೆ. ಹಾಗಿದ್ದೂ ಅಂಥ ವಿಶ್ವ ತನ್ನೊಳಗೇ ಸುತ್ತಿ ಬಂದು ಸೀಮಿತವಾಗಿರಬಹುದು. ಆ ಪ್ರಶ್ನೆ ಇತ್ಯರ್ಥವಾಗಿಲ್ಲ.

ಆ ವಿದ್ಯಾರ್ಥಿನಿ ಎಲ್ಲಿದ್ದಾಳೋ ತಿಳಿಯದು. ಇಲ್ಲಮ್ಮಾ, ಅಷ್ಟೇ ಬರುವುದಿಲ್ಲ. ಚೆಂಡಿನ ಮೇಲೆ 270 ಕೂಡ ಬರುತ್ತದೆ.