ಬಿಸಿಲಿನ ಮೇಲೆ ಹೊರಿಸಿದ ತಪ್ಪು

ಈಗ ವಿಜಯಪುರವೆಂದು ಕರೆಯುವ ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಹುಟ್ಟಿ ಬೆಳೆದೆ. 1960ರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಹೊಲಕ್ಕೆ ಜೋಳದ ಸುಗ್ಗಿಗೆ ಬರುತ್ತಿದ್ದ ಕೂಲಿಯವರಲ್ಲಿ ಒಬ್ಬ ಮುದುಕಿಯಿದ್ದಳು. ನಾವು ಮಕ್ಕಳೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆವು. ಅವಳ ಕೊರಳಿನ ಸುತ್ತ, ಕುಬಸದ ಅಂಚು ಮುಗಿಯುವಲ್ಲಿ, ಕಪ್ಪನೆಯ ಒಂದು ಪಟ್ಟಿಯಿತ್ತು. ದೂರದಿಂದ ಸರ ಹಾಕಿಕೊಂಡಂತೆ ಕಾಣುತ್ತಿತ್ತು. ಮುಂಗೈಯ ಚರ್ಮ ಹುರುಪೆಯೆದ್ದು ಬಿರಿದಿತ್ತು. “ಬಿಸಲ ಬಡದೈತಿ ನಿನಗ, ಸೆರಗ ತುಂಬ ಹೊಚ್ಚಿಕೋ” ಎಂದು ನನ್ನ ತಾಯಿ ಹೇಳುತ್ತಿದ್ದಳು. ಆಯಿ ಹೊದ್ದುಕೊಳ್ಳುತ್ತಿದ್ದಳು, ಆದರೆ ಪಟ್ಟಿ ಹೋಗಲಿಲ್ಲ. ಮುಂದೆ ಅವಳಿಗೆ ಹೊಟ್ಟೆ ನಿಲ್ಲದಾಯಿತು, ಮಾತು ತಪ್ಪತೊಡಗಿತು. ಮರುವರ್ಷದ ಸುಗ್ಗಿಗೆ ಅವಳು ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಒಂದು ವಾಚನಾಲಯದಲ್ಲಿ ವೈದ್ಯಶಾಸ್ತ್ರದ ಹಳೆಯ ಪುಸ್ತಕವೊಂದರ ಪುಟ ತಿರುವುತ್ತಿದ್ದಾಗ, ಅದೇ ಕಪ್ಪು ಸರವನ್ನು ಚಿತ್ರದಲ್ಲಿ ಕಂಡೆ. ಕೊರಳು ಮಾತ್ರ ಬೇರೆಯವರದು. ಕೆಳಗೆ ‘ಕಸಾಲನ ಕಂಠಹಾರ’ ಎಂದು ಬರೆದಿತ್ತು. ನಾನು ವೈದ್ಯನಲ್ಲ, ಕಣ್ಮರೆಯಾದ ಒಬ್ಬ ಹೆಂಗಸಿನ ರೋಗವನ್ನು ಈಗ ನಿರ್ಣಯಿಸುವ ಅಧಿಕಾರವೂ ನನಗಿಲ್ಲ. ಆದರೂ ಆ ಹೆಸರಿನ ಹಿಂದೆ ಇದ್ದ ಚರಿತ್ರೆಯನ್ನು ಹುಡುಕದೆ ಇರಲಾರದೆ ಹೋದೆ. ಅದನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಗಾಸ್ಪಾರ್ ಕಸಾಲ್ ಸ್ಪೇನ್ ದೇಶದ ವೈದ್ಯ. ಉತ್ತರದ ಆಸ್ಟೂರಿಯಾಸ್ ಪ್ರಾಂತದ ಬಡ ರೈತರಲ್ಲಿ ಈ ರೋಗವನ್ನು 1735ರಲ್ಲಿ ಕಂಡು ವಿವರಿಸಿದವನು. ಅವನ ಗ್ರಂಥ ಅಚ್ಚಾದುದು ಅವನು ತೀರಿಕೊಂಡ ಬಳಿಕ, 1762ರಲ್ಲಿ. ಈ ರೋಗಿಗಳ ಮುಖ್ಯ ಆಹಾರ ಗೋವಿನಜೋಳವೆಂಬುದನ್ನು ಅವನು ಆಗಲೇ ಗುರುತಿಸಿದ್ದ. ಇಟಲಿಯಲ್ಲಿಯೂ ಇದೇ ರೋಗ ಹಬ್ಬಿತ್ತು. ಅಲ್ಲಿಯ ಹಳ್ಳಿಗರು ಅದಕ್ಕೆ ‘ಪೆಲ್ಲಾಗ್ರ’, ಅಂದರೆ ಒರಟು ಚರ್ಮ ಎನ್ನುತ್ತಿದ್ದರು. 1771ರಲ್ಲಿ ಮಿಲಾನಿನ ವೈದ್ಯ ಫ್ರಪೋಲಿ ಆ ಆಡುಮಾತನ್ನೇ ವೈದ್ಯಗ್ರಂಥಕ್ಕೆ ತಂದ.

ರೋಗ ಮೊಳೆಯುತ್ತಿದ್ದುದು ವಸಂತದಲ್ಲಿ, ರೈತ ಹೊಲಕ್ಕಿಳಿಯುವ ಕಾಲದಲ್ಲಿ. ಚರ್ಮ ಸುಲಿಯುತ್ತಿದ್ದುದು ಮುಖ್ಯವಾಗಿ ಬಿಸಿಲು ಬೀಳುವ ಕಡೆ: ಕೊರಳು, ಮುಂಗೈ, ಪಾದ. ಕಣ್ಣಿಗೆ ಕಂಡ ಅಪರಾಧಿ ಸೂರ್ಯನೊಬ್ಬನೇ. 1784ರಲ್ಲಿ ಆಲ್ಬೆರಾ ಎಂಬ ವೈದ್ಯ ತನ್ನ ಗ್ರಂಥದ ಹೆಸರಿನಲ್ಲಿಯೇ ಇದನ್ನು ವಸಂತದ ಬಿಸಿಲಿನ ರೋಗವೆಂದು ಕರೆದ. ನನ್ನ ತಾಯಿ ಆಯಿಗೆ ಹೇಳಿದುದನ್ನೇ ಇಟಲಿಯ ಪಂಡಿತರು ಸುಮಾರು ಇನ್ನೂರು ವರ್ಷ ಮೊದಲು ಹೇಳಿದ್ದರು ಎನ್ನಬಹುದು.

ಇಲ್ಲಿ ಒಂದು ಸ್ವಾರಸ್ಯವಿದೆ. ಗೋವಿನಜೋಳದ ತವರು ಅಮೆರಿಕಾ ಖಂಡ. ಮೆಕ್ಸಿಕೋದ ಮೂಲನಿವಾಸಿಗಳು ಅದನ್ನು ಸಾವಿರಾರು ವರ್ಷ ತಿಂದರೂ ಈ ರೋಗಕ್ಕೆ ತುತ್ತಾಗಲಿಲ್ಲ. ಅವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ಆಮೇಲೆ ಅರೆಯುತ್ತಿದ್ದರು. ಕಾಳಿನಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಜೀವಸತ್ವವನ್ನು ಸುಣ್ಣ ಬಿಡಿಸಿಕೊಡುತ್ತದೆ. ಯುರೋಪಿನವರು ಬೀಜವನ್ನು ಹಡಗಿನಲ್ಲಿ ತಂದರು. ಅಡುಗೆಮನೆಯ ಅರಿವನ್ನು ಅಲ್ಲಿಯೇ ಬಿಟ್ಟು ಬಂದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರೋಗ ಅಮೆರಿಕಾದ ದಕ್ಷಿಣದ ಹತ್ತಿ ಬೆಳೆಯುವ ರಾಜ್ಯಗಳಲ್ಲಿ ಮಾರಿಯಂತೆ ಹಬ್ಬಿತು. ಅದು ಸೋಂಕು ಎಂಬುದು ಬಹುಮಂದಿಯ ನಂಬಿಕೆ. 1914ರಲ್ಲಿ ಸರಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಅಲ್ಲಿಗೆ ಕಳುಹಿಸಿತು. ಅನಾಥಾಲಯಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ರೋಗ ಬರುವುದು ಒಳಗಿದ್ದವರಿಗೆ. ಅವರನ್ನು ಮುಟ್ಟಿ ನೋಡಿಕೊಳ್ಳುವ ನೌಕರರಿಗೆ ಬರುವುದಿಲ್ಲ. ಹಾಗಾದರೆ ಇದು ಸೋಂಕು ಹೇಗಾದೀತು? 1915ರಲ್ಲಿ ಮಿಸಿಸಿಪಿಯ ರ‍್ಯಾಂಕಿನ್ ಸೆರೆಮನೆಯ ಹೊಲದಲ್ಲಿ, ಬಿಡುಗಡೆಯ ಭರವಸೆ ಪಡೆದು ತಾವಾಗಿ ಮುಂದೆ ಬಂದ ಕೈದಿಗಳಿಗೆ ಬಡವರ ಊಟವನ್ನೇ ಕೊಟ್ಟು ನೋಡಲಾಯಿತು. ಕೊನೆಯವರೆಗೆ ಉಳಿದ 11 ಜನರಲ್ಲಿ 6 ಜನರಿಗೆ ಪೆಲ್ಲಾಗ್ರ ಬಂತು. ಇಷ್ಟಾದರೂ ನಂಬದವರಿಗಾಗಿ, 1916ರಲ್ಲಿ ಗೋಲ್ಡ್‌ಬರ್ಗರನೂ ಅವನ ಗೆಳೆಯರೂ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು. ಅವರ ಚರ್ಮದ ಹುರುಪೆಯನ್ನು ನುಂಗಿದರು. ಅವನ ಹೆಂಡತಿ ಮೇರಿಯೂ ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ರೋಗ ತಗುಲಲಿಲ್ಲ.

ಆದರೆ ಊಟದಲ್ಲಿ ಇಲ್ಲದ ಆ ವಸ್ತು ಯಾವುದೆಂಬುದು ತಿಳಿಯುವ ಮೊದಲೇ, 1929ರಲ್ಲಿ, ಅವನು ತೀರಿಕೊಂಡ. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಎಲ್ವೆಯೆಮ್ ಅದನ್ನು ಗುರುತಿಸಿದ. ಅದೇ ನಿಯಾಸಿನ್.

ಹಾಗಾದರೆ ಬಿಸಿಲು ಪೂರ್ಣವಾಗಿ ನಿರಪರಾಧಿಯೆ? ಹಾಗೂ ಅಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ಎಲ್ಲರ ಚರ್ಮವನ್ನೂ ಪ್ರತಿದಿನ ಗಾಯಗೊಳಿಸುತ್ತವೆ. ಚರ್ಮದ ಜೀವಕೋಶಗಳು ಅದನ್ನು ಪ್ರತಿದಿನ ರಿಪೇರಿ ಮಾಡಿಕೊಳ್ಳುತ್ತವೆ. ಆ ರಿಪೇರಿಗೆ ಬೇಕಾದ ಸಾಮಗ್ರಿಯನ್ನು ದೇಹ ನಿಯಾಸಿನ್ನಿನಿಂದ ಸಿದ್ಧಪಡಿಸುತ್ತದೆ. ಉಗ್ರಾಣ ಬರಿದಾದರೆ ಗಾಯ ಗಾಯವಾಗಿಯೇ ಉಳಿಯುತ್ತದೆ. ಬಿಸಿಲು ಬರೆದುದು ನಿಜ. ಅಳಿಸುವ ಶಕ್ತಿಯನ್ನು ಕಸಿದುಕೊಂಡುದು ಹಸಿವು.

ನಮ್ಮ ನಾಡಿನ ಕಥೆ ಇನ್ನೂ ತೊಡಕಿನದು. ದಖ್ಖನ್ ಪ್ರಸ್ಥಭೂಮಿಯ ಬಡವರು ತಿನ್ನುತ್ತಿದ್ದುದು ಗೋವಿನಜೋಳವಲ್ಲ, ಬಿಳಿಜೋಳ. ಆದರೂ ಪೆಲ್ಲಾಗ್ರ ಇತ್ತು. ಹೈದರಾಬಾದಿನ ಪೋಷಣ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಒಂದು ವಿವರಣೆ ಕೊಟ್ಟರು: ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ, ದೇಹ ನಿಯಾಸಿನ್ನನ್ನು ಸಿದ್ಧಪಡಿಸಿ ಬಳಸುವ ಕ್ರಮಕ್ಕೆ ಅಡ್ಡಬರುತ್ತದೆ ಎಂದು. ಮುಂದಿನ ಪ್ರಯೋಗಗಳೆಲ್ಲ ಇದಕ್ಕೆ ಒಪ್ಪಿಗೆ ಕೊಡಲಿಲ್ಲ, ವಿವಾದ ಬೆಳೆಯಿತು. ಜೋಳ ಕೆಟ್ಟದ್ದೆಂದು ಮಾತ್ರ ಯಾರೂ ತಿಳಿಯಬಾರದು. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಮಜ್ಜಿಗೆ, ಶೇಂಗಾ ಹಿಂಡಿ ಇದ್ದ ಮನೆಗಳಲ್ಲಿ ಆ ಕಪ್ಪು ಸರವನ್ನು ನಾನು ಕಾಣಲಿಲ್ಲ. ಬರೀ ರೊಟ್ಟಿ, ಉಪ್ಪು, ಮೆಣಸಿನಕಾಯಿ ಇದ್ದ ಕೊರಳಿನಲ್ಲಿ ಅದನ್ನು ಕಂಡೆ.

ಪಟ್ಟಣದ ಶ್ರೋತೃಗಳು ಕೇಳಬಹುದು: ಹಾಗಾದರೆ ಚರ್ಮದ ರಕ್ಷಣೆಗೆ ಊಟವೇ ಸಾಕಲ್ಲ, ಈ ಸನ್‌ಸ್ಕ್ರೀನ್ ಲೇಪಗಳೇಕೆ? ಇದಕ್ಕೆ ಉತ್ತರ ಆಸ್ಟ್ರೇಲಿಯಾದಿಂದ ಬಂದಿದೆ. ಅಲ್ಲಿಯ ಬಿಳಿಯ ಚರ್ಮದವರಿಗೆ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುವುದು ಹೆಚ್ಚು. ನಮ್ಮ ಕಪ್ಪು ಬಣ್ಣವೇ ನಮಗೆ ಬಹುಪಾಲು ಕೊಡೆ. ನಂಬೂರ್ ಎಂಬ ಊರಿನಲ್ಲಿ 1992ರಿಂದ ಸುಮಾರು 1,600 ಜನರ ಮೇಲೆ ಪರೀಕ್ಷೆ ನಡೆಯಿತು. ದಿನವೂ ಲೇಪ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರಿನ ಗಡ್ಡೆಗಳು ಸುಮಾರು ನೂರಕ್ಕೆ 40ರಷ್ಟು ಕಡಿಮೆಯಾದವು. ಗಜ್ಜರಿಯ ಬಣ್ಣಕ್ಕೆ ಕಾರಣವಾದ ಬೀಟಾ ಕೆರೋಟಿನ್ನಿನ ಗುಳಿಗೆ ನುಂಗಿದವರಿಗೆ ಏನೂ ಲಾಭವಾಗಲಿಲ್ಲ. ಲೇಪಗಳ ಬಗೆಗೂ ಎಚ್ಚರ ಬೇಕು. 2019ರಲ್ಲಿ ಅಮೆರಿಕಾದ ಔಷಧ ನಿಯಂತ್ರಣ ಇಲಾಖೆ 16 ಘಟಕಗಳನ್ನು ಪರಿಶೀಲಿಸಿ, ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಮ್ ಡೈಆಕ್ಸೈಡ್ ಎರಡನ್ನು ಮಾತ್ರ ನಿರಾತಂಕವಾಗಿ ಒಪ್ಪಿತು. ಎರಡನ್ನು ತಳ್ಳಿಹಾಕಿ, ಉಳಿದ 12ರ ಬಗೆಗೆ ಹೆಚ್ಚಿನ ಪುರಾವೆ ಕೇಳಿತು. ಪುರಾವೆ ಕೇಳಿದ ಮಾತ್ರಕ್ಕೆ ಅವು ವಿಷವೆಂದಲ್ಲ.

2015ರಲ್ಲಿ ಅದೇ ಆಸ್ಟ್ರೇಲಿಯಾದಿಂದ ಮತ್ತೊಂದು ಸುದ್ದಿ ಬಂತು. ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದ 386 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ನಿಕೊಟಿನಮೈಡ್ ಗುಳಿಗೆ ಕೊಟ್ಟಾಗ, ಅವರಲ್ಲಿ ಹೊಸ ಕ್ಯಾನ್ಸರುಗಳು ನೂರಕ್ಕೆ 23ರಷ್ಟು ಕಡಿಮೆಯಾದವು. ಗುಳಿಗೆ ನಿಲ್ಲಿಸಿದ ಮೇಲೆ ಲಾಭವೂ ನಿಂತಿತು. ನಿಕೊಟಿನಮೈಡ್ ಬೇರೇನೂ ಅಲ್ಲ, ನಿಯಾಸಿನ್ನಿನದೇ ಒಂದು ರೂಪ. ಇದು ಎಲ್ಲರೂ ನುಂಗಬೇಕಾದ ಗುಳಿಗೆಯಲ್ಲ. ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂಥದೂ ಅಲ್ಲ. ಆದರೆ ಆ ಸುದ್ದಿಯನ್ನು ಓದಿದ ದಿನ ನನಗೆ ಆಯಿಯ ನೆನಪಾಯಿತು.

ನಮ್ಮ ಮನೆಯಲ್ಲಿ ಕೂಲಿಯನ್ನು ಕಾಳಿನಲ್ಲಿ ಕೊಡುತ್ತಿದ್ದರು. ದಿನದ ಕೊನೆಗೆ ಸೇರಿನಲ್ಲಿ ಅಳೆದು ಅವಳ ಉಡಿಗೆ ಹಾಕುತ್ತಿದ್ದುದು ಜೋಳವನ್ನೇ. ತೊಗರಿಯೂ ಶೇಂಗಾವೂ ನಮ್ಮ ಕಣಜದಲ್ಲಿದ್ದವು. ಅವುಗಳ ಒಂದೊಂದು ಹಿಡಿಯನ್ನು ಜೋಳದ ಮೇಲೆ ಹಾಕಬೇಕೆಂದು ಯಾರಿಗೂ ತೋಚಲಿಲ್ಲ. ನನ್ನ ತಾಯಿ ಕೆಟ್ಟವಳಲ್ಲ. ಮನಃಪೂರ್ವಕವಾಗಿಯೇ ಅವಳಿಗೆ ಸೆರಗು ಹೊದ್ದುಕೊಳ್ಳಲು ಹೇಳುತ್ತಿದ್ದಳು. ನಾವು ತಪ್ಪನ್ನು ಬಿಸಿಲಿನ ಮೇಲೆ ಹೊರಿಸಿದೆವು. ಬಿಸಿಲಿಗೆ ಕೂಲಿ ಕೊಡಬೇಕಾಗಿರಲಿಲ್ಲವಲ್ಲ.