ಎಂಟು ವಸ್ತುಗಳ ಸಂಸಾರ

ಮನೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಈ ಕಾಲದಲ್ಲಿಯೇ ಹುಟ್ಟಿದ ಪ್ರಶ್ನೆಯಲ್ಲ. ಎರಡು ಸಾವಿರ ವರ್ಷಗಳಿಗೂ ಹಿಂದೆ ಭರತಖಂಡದಲ್ಲಿ ಬೌದ್ಧ ಭಿಕ್ಷುಸಂಘವು ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು, ಲೆಕ್ಕ ಹಾಕಿ ಉತ್ತರವನ್ನು ಕೊಟ್ಟಿತು.

ಭಿಕ್ಷುವಿನ ಸ್ವತ್ತೆಂದರೆ ಎಂಟು ವಸ್ತುಗಳು. ಮೂರು ಚೀವರಗಳು, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ನಡುಪಟ್ಟಿ, ನೀರು ಸೋಸುವ ಬಟ್ಟೆ, ಇಷ್ಟೇ. ಆದರೆ ಬೇಡವೆಂದರೂ ದಾನ ಬರುತ್ತದೆಯಷ್ಟೆ! ಆದುದರಿಂದ ವಿನಯಪಿಟಕವು ಸಂಖ್ಯೆಯ ಜೊತೆಗೆ ಕಾಲವನ್ನೂ ಗೊತ್ತುಮಾಡಿತು. ಹೆಚ್ಚಿನ ಚೀವರವನ್ನಾಗಲಿ ಪಾತ್ರೆಯನ್ನಾಗಲಿ 10 ದಿನಗಳಿಗಿಂತ ಮೇಲೆ ಇಟ್ಟುಕೊಳ್ಳಕೂಡದು. ಔಷಧಕ್ಕೆಂದು ಬಂದ ತುಪ್ಪ, ಎಣ್ಣೆ, ಜೇನುಗಳಿಗೆ 7 ದಿನ. ಹಳೆಯ ಪಾತ್ರೆಗೆ 5 ಕಡೆ ತೇಪೆ ಬೀಳುವವರೆಗೆ ಹೊಸದನ್ನು ಕೇಳುವಂತಿಲ್ಲ.

ಬಿಡುವುದೆಂದರೆ ಬಿಸಾಡುವುದೆಂದು ಅವರು ತಿಳಿಯಲಿಲ್ಲ. ಕೌಶಾಂಬಿಯ ಉದಯನ ರಾಜನ ಅಂತಃಪುರದ ಸ್ತ್ರೀಯರು ಆನಂದ ಸ್ಥವಿರನಿಗೆ 500 ಚೀವರಗಳನ್ನು ದಾನ ಮಾಡಿದರೆಂದು ವಿನಯದ ಕಥೆ ಹೇಳುತ್ತದೆ. ಈತನೇನು ಬಟ್ಟೆಯ ಅಂಗಡಿಯನ್ನು ಇಡುವನೋ ಎಂದು ರಾಜನಿಗೆ ಸಂಶಯ. ಆನಂದನು ಹೇಳಿದ ಉತ್ತರವಾದರೋ ಒಂದು ಗೃಹಕೃತ್ಯದ ಪಾಠ: ಚೀವರ ಹರಿದವರಿಗೆ ಇವು, ಹರಿದ ಚೀವರಗಳು ಹಾಸಿಗೆಯ ಹೊದಿಕೆಗೆ, ಹಳೆಯ ಹೊದಿಕೆ ಮೆತ್ತೆಯ ಗವಸಿಗೆ, ಹಳೆಯ ಗವಸು ನೆಲಹಾಸಿಗೆ, ಅದೂ ಸವೆದರೆ ಕಾಲೊರಸಿಗೆ, ಬಳಿಕ ಧೂಳು ಝಾಡಿಸುವ ಬಟ್ಟೆಗೆ, ಕಟ್ಟಕಡೆಗೆ ಚೂರುಮಾಡಿ, ಮಣ್ಣಿನಲ್ಲಿ ಕಲಸಿ, ನೆಲಕ್ಕೆ ಮೆತ್ತುವುದಕ್ಕೆ. ರಾಜನು ಸಂತುಷ್ಟನಾಗಿ ಇನ್ನೂ 500ನ್ನು ಕೊಟ್ಟನಂತೆ.

ಆದರೂ ಬೇಲಿ ಸಡಿಲವಾಯಿತು. ಬುದ್ಧನ ನಿರ್ವಾಣದಿಂದ ಸುಮಾರು 100 ವರ್ಷಗಳ ಮೇಲೆ ವೈಶಾಲಿಯಲ್ಲಿ ವಾದ ಹುಟ್ಟಿತು. ಅಲ್ಲಿಯ ಭಿಕ್ಷುಗಳು ಮುಂದಿನ ಊಟಕ್ಕಿರಲೆಂದು ಕೊಂಬಿನಲ್ಲಿ ಉಪ್ಪನ್ನು ಕೂಡಿಡುತ್ತಿದ್ದರು. ಹೊನ್ನು ಬೆಳ್ಳಿಗಳನ್ನೂ ಸ್ವೀಕರಿಸುತ್ತಿದ್ದರು. ಹಿರಿಯರು ಸಭೆ ಸೇರಿ ಇವೆರಡನ್ನೂ ನಿಷೇಧಿಸಿದರು. ಚಿಟಿಕೆ ಉಪ್ಪು ದೊಡ್ಡ ಅಪರಾಧವೇ ಎಂದು ನಮಗೆ ನಗು ಬರಬಹುದು. ಆದರೆ ಆ ಉಪ್ಪಿನಲ್ಲಿದ್ದುದು ನಾಳೆಯ ಭಯ; ಹೊನ್ನಿನಲ್ಲಿದ್ದುದೂ ಅದೇ.

ಕ್ರಿ. ಶ. 671ರಲ್ಲಿ ಚೀನದಿಂದ ಹೊರಟ ಯಾತ್ರಿಕ ಇತ್ಸಿಂಗನು ನಾಲಂದಾ ವಿಹಾರವನ್ನು ಕಾಣುವ ವೇಳೆಗೆ ಅದಕ್ಕೆ 200ಕ್ಕೂ ಹೆಚ್ಚು ಗ್ರಾಮಗಳು ಉಂಬಳಿಯಾಗಿದ್ದವು. ಆ ಆದಾಯದಿಂದ ವಿದ್ಯೆ ಬೆಳೆಯಿತೆಂಬುದು ನಿಜ. ಇತ್ಸಿಂಗನೂ ಅದನ್ನು ಹಳಿಯಲಿಲ್ಲ. ಕಣಜದಲ್ಲಿ ಧಾನ್ಯ ಕೊಳೆಯುತ್ತಿರಲು, ಭಂಡಾರದಲ್ಲಿ ಹಣ ಸುಮ್ಮನೆ ಬಿದ್ದಿರಲು, ವಿಹಾರದ ಜನ ಕಷ್ಟಪಡುವುದನ್ನು ಮಾತ್ರ ಅವನು ಅನುಚಿತವೆಂದು ಬರೆದನು.

ನಾವು ಗೃಹಸ್ಥರು, ಎಂಟು ವಸ್ತುಗಳಿಂದ ನಮ್ಮ ಸಂಸಾರ ಸಾಗದು. ಆದರೆ ಆ ಹಳೆಯ ನಿಯಮಗಳು ಕೇಳುವ ಪ್ರಶ್ನೆಗಳು ನಮಗೂ ಸಲ್ಲುತ್ತವೆ. ಈ ವಸ್ತು ಕೆಲಸ ಮಾಡುತ್ತಿದೆಯೇ, ಅಥವಾ ಕೊಳೆಯುತ್ತಿದೆಯೇ? ಎಷ್ಟು ದಿನದಿಂದ ಹೀಗೆ ಬಿದ್ದಿದೆ? ಚೀವರ ಹರಿದವರು ನಮ್ಮ ನೆರೆಯಲ್ಲಿ ಯಾರಾದರೂ ಇರುವರೇ?