ಮೇಲ್ಮನವಿ

‘ಮೇಲ್’ ಮತ್ತು ‘ಮನವಿ’ ಕೂಡಿ ಆದ ಪದವಿದು. ಕೆಳಗಿನ ನ್ಯಾಯಾಲಯ ಕೊಟ್ಟ ತೀರ್ಪನ್ನು ಮರುಪರಿಶೀಲಿಸಿ ಎಂದು ಮೇಲಿನ ನ್ಯಾಯಾಲಯವನ್ನು ಕೇಳಿಕೊಳ್ಳುವುದು ಇದರ ಅರ್ಥ. ಆಡುಮಾತಿನಲ್ಲಿ ‘ಅಪೀಲು’ ಎನ್ನುತ್ತೇವೆ. ಅದು ಇಂಗ್ಲಿಷಿನಿಂದ ಬಂದದ್ದು, ಅದರ ಬೇರು ‘ಕೂಗಿ ಕರೆ’ ಎಂಬರ್ಥದ ಲ್ಯಾಟಿನ್ ಧಾತು. ಮೇಲ್ಮನವಿ ಸಲ್ಲಿಸು, ಮೇಲ್ಮನವಿದಾರ, ಮೇಲ್ಮನವಿ ಪ್ರಾಧಿಕಾರ ಎಂಬ ಬಳಕೆಗಳೂ ಇವೆ.

ಮೇಲ್ಮನವಿ ಎಂದರೆ ಸಾಮಾನ್ಯವಾಗಿ ಹೊಸ ವಿಚಾರಣೆಯಲ್ಲ. ಕೆಳಗಿನ ನ್ಯಾಯಾಲಯದ ದಾಖಲೆ ಮುಂದಿಟ್ಟುಕೊಂಡೇ ತಪ್ಪು ಹುಡುಕಬೇಕು. ಆ ದಾಖಲೆಯೇ ಕೈಗೆಟುಕದಿದ್ದರೆ?

ಅಮೆರಿಕದಲ್ಲಿ ನ್ಯಾಯಾಲಯವು ತಾಯಿತಂದೆಯ ಹಕ್ಕನ್ನು ರದ್ದುಮಾಡಿದರೆ ಮಗುವಿನೊಡನೆ ಅವರಿಗಿರುವ ಕಾನೂನಿನ ನಂಟೇ ಕಡಿದುಹೋಗುತ್ತದೆ. ಇದಕ್ಕೆ ಸ್ಪಷ್ಟ, ಮನವರಿಕೆಯಾಗುವ ಸಾಕ್ಷ್ಯ ಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 1982ರ ಸ್ಯಾಂಟೋಸ್ಕಿ ಪ್ರಕರಣದಲ್ಲಿ ಹೇಳಿತು. ಮಿಸಿಸಿಪಿಯಲ್ಲಿ ಹೀಗೆ ಇಬ್ಬರು ಮಕ್ಕಳ ಮೇಲಿನ ಹಕ್ಕು ಕಳೆದುಕೊಂಡ ತಾಯಿಯೊಬ್ಬಳು ಮೇಲ್ಮನವಿಗೆ ಹೊರಟಾಗ, ದಾಖಲೆ ಸಿದ್ಧಪಡಿಸುವ ವೆಚ್ಚವೆಂದು 2,352 ಡಾಲರಿಗೂ ಹೆಚ್ಚು ಕಟ್ಟಬೇಕಿತ್ತು. ಅಷ್ಟು ಹಣ ಅವಳಲ್ಲಿರಲಿಲ್ಲ. ಬಡತನದ ಕಾರಣಕ್ಕೆ ಇಂಥ ಮೇಲ್ಮನವಿಯ ದಾರಿ ಮುಚ್ಚಬಾರದೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್.

ಇಂಥ ಮಕ್ಕಳ ಪ್ರಕರಣಗಳಲ್ಲಿ ಮೇಲ್ಮನವಿಯ ಗಡುವು ಹಲವೆಡೆ ಚಿಕ್ಕದು. ಮಗುವಿನ ಬದುಕು ಅತಂತ್ರವಾಗಿ ಉಳಿಯಬಾರದೆಂಬುದು ಅದಕ್ಕೆ ಕಾರಣ, ಅದು ನ್ಯಾಯವಾದದ್ದೇ. ಆದರೆ ಹೆತ್ತವರ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವುದೂ ಆ ಮಗುವಿಗೆ ಸಲ್ಲಬೇಕಾದ ನ್ಯಾಯದ ಭಾಗವೇ.